ಹಳೇ ಪಿಕಪ್‌ಗೆ ಹೊಸ ರೂಪ ಕೊಟ್ಟು ಮಾರುತ್ತೀರಾ? ಆರ್‌ಸಿ ವರ್ಗಾವಣೆ ಆಗದಿದ್ದರೆ ಹೊಣೆ ನಿಮ್ಮದೇ!

ಮುಂಬೈ: ಹಳೇ ಪಿಕಪ್ ವಾಹನಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಹೊಸ ರೂಪ ಕೊಟ್ಟಿರಬಹುದು. ಆದರೆ ಮಾರುವಾಗ ಬೆಲೆ ನಿರ್ಧಾರವಾಗುವುದು ಪೇಂಟ್ ನೋಡಿ ಅಲ್ಲ, ದಾಖಲೆ ನೋಡಿ. ವಾಹನ ಕೊಟ್ಟು ಹಣ ಪಡೆದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಮುಂದಿನ ಅಪಘಾತದ ಹೊಣೆ ಹಳೇ ಮಾಲೀಕರ ಮೇಲೇ ಬೀಳಬಹುದು. ಮಾರುವ ಮುನ್ನ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಮುಂಬೈಗೂ ಹಳೇ ಟ್ರಕ್‌ಗಳಿಗೂ ನಂಟು

ಜನರಲ್ ಮೋಟಾರ್ಸ್ ಕಂಪನಿ 1928ರಲ್ಲೇ ಮುಂಬೈನ ಶಿವಡಿಯಲ್ಲಿ ವಾಹನ ಜೋಡಣೆ ಆರಂಭಿಸಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್‌ನಿಂದ ಡಾಡ್ಜ್, ಫಾರ್ಗೊ ಟ್ರಕ್‌ಗಳು, ಮಹೀಂದ್ರಾದಿಂದ ವಿಲ್ಲಿಸ್ ಜೀಪ್‌ಗಳು ರಸ್ತೆಗಿಳಿದವು. ಕುರ್ಲಾದ ಸಿಎಸ್‌ಟಿ ರಸ್ತೆ ಇಂದಿಗೂ ಹಳೇ ಬಿಡಿಭಾಗಗಳ ಮಾರುಕಟ್ಟೆ ಎಂದೇ ಹೆಸರುವಾಸಿ.

ಎಂಜಿನ್ ಬದಲಾಗಿದೆಯೇ? ಮೊದಲು ನೋಡಿ

ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆ ವಾಹನದ ಮೇಲಿರುವ ಸಂಖ್ಯೆಗೆ ತಾಳೆಯಾಗಬೇಕು. ಹಳೇ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ವಾಹನದ ಮೂಲ ವಿವರಕ್ಕೆ ಹೊಂದದಂತೆ ಮನಬಂದಂತೆ ಮಾರ್ಪಾಡು ಮಾಡುವಂತಿಲ್ಲ.

'ವಿಂಟೇಜ್' ಎನ್ನಲು ಏನು ಬೇಕು?

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಮುಖ್ಯಾಂಶ ಹೀಗಿವೆ:

* ವಾಹನಕ್ಕೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.
* ಹೊಸ ನೋಂದಣಿಗೆ 20,000 ರೂ., 10 ವರ್ಷ ಮಾನ್ಯ. ಮರು ನೋಂದಣಿಗೆ 5,000 ರೂ.
* ನಂಬರ್ ಪ್ಲೇಟ್‌ನಲ್ಲಿ ರಾಜ್ಯದ ಕೋಡ್ ನಂತರ 'ವಿಎ' ಅಕ್ಷರ ಇರುತ್ತದೆ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೇ ಸಂಖ್ಯೆ ಉಳಿಸಿಕೊಳ್ಳಬಹುದು.
* ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಯಂಥ ಕಾರಣಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆ, ವಾಣಿಜ್ಯ ಬಳಕೆ ಇಲ್ಲ.

ಪಿಕಪ್ ಮಾಲೀಕರು ಗಮನಿಸಬೇಕಾದ ಅಂಶವೊಂದಿದೆ. 2020ರ ನವೆಂಬರ್‌ನಲ್ಲಿ ಪ್ರಕಟವಾದ ಕರಡಿನಲ್ಲಿ ನಾಲ್ಕು ಚಕ್ರದ ವಾಹನಗಳ ಪೈಕಿ ಹೆಸರಿಸಿದ್ದು ಪ್ರಯಾಣಿಕರ 'ಎಂ1' ವರ್ಗವನ್ನು. ಹಾಗಾಗಿ ಆರ್‌ಸಿಯಲ್ಲಿ 'ಸರಕು ವಾಹನ' ಎಂದಿದ್ದರೆ, 'ವಿಂಟೇಜ್' ಎಂದು ಜಾಹೀರಾತು ಕೊಡುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸುವುದು ಒಳಿತು.

ಹೆಸರು ವರ್ಗಾವಣೆ ಹೇಗೆ?

ಮುಂಬೈನಲ್ಲಿ ತಾಡದೇವ್ (ಎಂಎಚ್-01), ಅಂಧೇರಿ (ಎಂಎಚ್-02), ವಡಾಲಾ (ಎಂಎಚ್-03), ಬೋರಿವಲಿ (ಎಂಎಚ್-47) ಆರ್‌ಟಿಒಗಳಿವೆ. ಫಾರ್ಮ್ 29 ಮತ್ತು ಫಾರ್ಮ್ 30ಕ್ಕೆ ಮಾರುವವರು, ಕೊಳ್ಳುವವರು ಸಹಿ ಹಾಕಬೇಕು. ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35 ಬೇಕು.

ಕೊಳ್ಳುವವರು ಅದೇ ರಾಜ್ಯದವರಾದರೆ ಮಾರುವವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಮಂಗಳೂರು, ಹುಬ್ಬಳ್ಳಿಯಂತೆ ಬೇರೆ ರಾಜ್ಯದ ಊರಿನವರಾದರೆ 45 ದಿನ ಅವಕಾಶವಿದೆ. ಆಗ ಫಾರ್ಮ್ 28ರ ಮೂಲಕ ಎನ್‌ಒಸಿ ಕಡ್ಡಾಯ. ಕೊಂಡವರು 30 ದಿನದಲ್ಲಿ ಆರ್‌ಟಿಒಗೆ, 14 ದಿನದಲ್ಲಿ ವಿಮಾ ಕಂಪನಿಗೆ ವರ್ಗಾವಣೆಗಾಗಿ ಅರ್ಜಿ ಸಲ್ಲಿಸಬೇಕು.

ಬಾಕಿ ಇ-ಚಲನ್ ಮತ್ತು ಹಸಿರು ತೆರಿಗೆಯನ್ನು ಮೊದಲೇ ಕಟ್ಟಿಬಿಡಿ. ಮಹಾರಾಷ್ಟ್ರದಲ್ಲಿ 15 ವರ್ಷ ದಾಟಿದ ಖಾಸಗಿ ವಾಹನಕ್ಕೆ ಹಸಿರು ತೆರಿಗೆ ಇದೆ.

ಸುಪ್ರೀಂ ಕೋರ್ಟ್ ಹೇಳಿದ್ದೇನು?

ಹಲವು ಕೈ ಬದಲಾದರೂ ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿದ್ದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾಗಿತ್ತು. ಪರಿಹಾರ ಕೊಡಬೇಕಾದವರು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಗಾಯಾಳುಗಳ ಕುಟುಂಬ ಒಬ್ಬರ ನಂತರ ಒಬ್ಬರಂತೆ ಖರೀದಿದಾರರನ್ನು ಹುಡುಕುತ್ತಾ ಅಲೆಯಬೇಕಿಲ್ಲ ಎಂಬುದು ಇದರ ಸಾರ.

ಹಾಗಾಗಿ ಖಾಲಿ ಫಾರ್ಮ್‌ಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡಬೇಡಿ. ದಿನಾಂಕ, ಸಮಯ ಸಹಿತ ಡೆಲಿವರಿ ರಸೀದಿ ಬರೆಸಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಹೊಸ ಹೆಸರು ಬಂದಿದೆಯೇ ಎಂದು ಪರಿವಾಹನ್ ಪೋರ್ಟಲ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ವ್ಯವಹಾರ ಮುಗಿಯಿತು ಎಂದುಕೊಳ್ಳಿ.