ಕಾಂಗ್ರೆಸ್ ಗಿಡದ ಪುರಾಣ

ಪೀಣ್ಯ, ವೈಟ್‌ಫೀಲ್ಡ್ ಕಡೆ ಖಾಲಿ ಸೈಟಲ್ಲೆಲ್ಲ ಪುಟ್ಟ ಬಿಳಿ ಹೂವಿನ ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ. ಅಮೆರಿಕದ ಪಿಎಲ್-480 ಗೋಧಿ ಜೊತೆ ಬಂತು, ಆಗ ಕಾಂಗ್ರೆಸ್ ಸರ್ಕಾರ, ಅದಕ್ಕೇ ಈ ಹೆಸರು ಅಂತ ಕಥೆ. ಆದ್ರೆ ತಾರೀಖು ತಾಳೆ ಆಗಲ್ಲ ಕಣ್ರೀ! ಪುಣೆಯಲ್ಲಿ ಗಿಡ ಕಂಡಿದ್ದು 1955ರಲ್ಲಿ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. 1951ರ ಸಾಲದಲ್ಲೂ ಅಮೆರಿಕದ ಗೋಧಿ ಬಂದಿತ್ತು, ಹಾಗಾಗಿ ಗೋಧಿ ಪೂರ್ತಿ ನಿರಪರಾಧಿ ಅನ್ನೋ ಹಾಗೂ ಇಲ್ಲ :)

ಇದನ್ನ ತಿನ್ನಲಿ ಅಂತ ಮೆಕ್ಸಿಕೋದ ಜೀರುಂಡೆಯನ್ನ 1984ರಲ್ಲಿ ಬಿಟ್ಟಿದ್ದು ನಮ್ಮ ಬೆಂಗಳೂರಲ್ಲೇ. ಮಳೆಗಾಲದಲ್ಲಿ ಎಲೆ ಮೇಯತ್ತೆ, ಆಮೇಲೆ ಮಣ್ಣೊಳಗೆ ನಿದ್ದೆ. ಗಿಡಕ್ಕೆ ನಿದ್ದೆ ಎಲ್ಲಿ? ಒಂದೊಂದರಲ್ಲೂ ಸಾವಿರಾರು ಬೀಜ...

ಕೊನೆಗೆ ಕೀಳೋದು ಕೂಲಿಯವರು. ಬರಿಗೈ ತಾಗಿದ್ರೆ ಎಷ್ಟೋ ಜನಕ್ಕೆ ಮೈಯೆಲ್ಲ ತುರಿಕೆ. ಕೋಟಿ ಬಾಳೋ ಸೈಟಿನ ಓನರು ಒಂದು ಜೊತೆ ಗ್ಲೌಸ್ ಕೊಡಬಾರದಾ?