ಉಡುಗೊರೆಯೋ, ಕಪ್ಪವೋ?

ಕ್ರಿ. ಶ. 1793ನೆಯ ಇಸವಿಯಲ್ಲಿ ಆಂಗ್ಲರಾಜನಾದ ಮೂರನೆಯ ಜಾರ್ಜನ ರಾಯಭಾರಿ ಮೆಕಾರ್ಟ್ನಿಯು ವ್ಯಾಪಾರಾನುಕೂಲವನ್ನು ಬೇಡಲೆಂದು ಗ್ರಹಚಕ್ರಯಂತ್ರ, ಗಡಿಯಾರ, ದೂರದರ್ಶಕ, ಫಿರಂಗಿ ಮುಂತಾದವುಗಳನ್ನು ಚೀನಚಕ್ರವರ್ತಿ ಚಿಯೆನ್‌ಲುಂಗನಿಗಾಗಿ ಒಯ್ದನು. ಅವನು ಇವನ್ನು ಸಮಾನರಾದ ಅರಸರ ಉಡುಗೊರೆಯೆಂದು ಬಗೆದಿದ್ದನು. ಆದರೆ ಅವನ ಪರಿವಾರವನ್ನು ಸಾಗಿಸಿದ ದೋಣಿಗಳ ಪತಾಕೆಗಳಲ್ಲಿ ಚೀನೀಯರು ಬರೆದಿದ್ದುದು, ಕಪ್ಪವನ್ನು ತಂದ ದೂತನೆಂದು! ಕಪ್ಪ ತಂದವರಿಂದ ಅಲ್ಪವನ್ನು ಕೊಂಡು ಅಧಿಕವನ್ನು ಕೊಡುವುದೇ ಅಲ್ಲಿಯ ರಾಜಮರ್ಯಾದೆಯಾಗಿದ್ದಿತು. ಜೆಹೋಲಿನ ದರ್ಶನದಲ್ಲಿ ಚಕ್ರವರ್ತಿಯು ಮಂಗಳಸೂಚಕವಾದ ‘ರುಯಿ’ ಎಂಬ ಶಿಲೆಯ ದಂಡವನ್ನು ದಯಪಾಲಿಸಿದನು; ಮೆಕಾರ್ಟ್ನಿಗೆ ಅದು ಬೆಲೆಯುಳ್ಳುದಾಗಿ ತೋರಲಿಲ್ಲ. ಅವನ ಬೇಡಿಕೆಗಳೂ ನಿರಾಕೃತವಾದುವು. 1860ರಲ್ಲಿ ಆಂಗ್ಲ-ಫ್ರೆಂಚ್ ಸೇನೆಗಳು ಬೇಸಗೆಯರಮನೆಯನ್ನು ಸೂರೆಗೊಂಡಾಗ ಆ ಫಿರಂಗಿಗಳು ಬಳಕೆಯಿಲ್ಲದೆ ಅಲ್ಲಿಯೇ ಬಿದ್ದಿದ್ದುವು. ಪರಸ್ಪರರ ಸಂಪ್ರದಾಯವನ್ನರಿಯದೆ ಕೊಟ್ಟು ಕೊಂಡ ವಸ್ತುಗಳು ಸ್ನೇಹವನ್ನು ಬೆಳೆಸಲಾರವೆಂಬುದಕ್ಕೆ ವಾಚಕರಿಗೆ ಬೇರೆ ನಿದರ್ಶನವೇಕೆ?