ಎದುರಾಳಿಯ ಆಯ್ಕೆ

ಗದಾಯುದ್ಧದ ಕಥೆ ಎಂದರೆ ನಮ್ಮೆಲ್ಲರ ಕಣ್ಣು ತೊಡೆ ಮುರಿದ ಗಳಿಗೆಯ ಮೇಲೆಯೇ ನಿಲ್ಲುತ್ತದೆ. ಅದಕ್ಕೂ ಮೊದಲು ನಡೆಯುವ ಒಂದು ಸಣ್ಣ ಪ್ರಸಂಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೊಳದಲ್ಲಿ ಅಡಗಿದ ದುರ್ಯೋಧನನನ್ನು ಹೊರಕ್ಕೆ ಕರೆಯುತ್ತ ಧರ್ಮರಾಯನು, ಐವರಲ್ಲಿ ಯಾರೊಬ್ಬನನ್ನು ಗೆದ್ದರೂ ರಾಜ್ಯ ನಿನ್ನದೇ ಎಂದು ಮಾತು ಕೊಟ್ಟುಬಿಡುತ್ತಾನೆ. ವ್ಯಾಸಭಾರತದಲ್ಲಿ ಇದನ್ನು ಕೇಳಿ ಕೃಷ್ಣನು ಕೆರಳುತ್ತಾನೆ. ದುರ್ಯೋಧನನು ಭೀಮನನ್ನು ಬಿಟ್ಟು ನಕುಲನನ್ನೋ ಸಹದೇವನನ್ನೋ ಕರೆದಿದ್ದರೆ ಗತಿಯೇನು? ಹದಿನೆಂಟು ದಿನ ನೆತ್ತರು ಹರಿಸಿ ಗೆದ್ದದ್ದೆಲ್ಲ ಆ ಒಂದು ಮಾತಿನಲ್ಲಿ ಹೋಗಿಬಿಡುತ್ತಿತ್ತು. ಯಾರಿಗೆ ಯಾರು ಎದುರು ಎಂಬಲ್ಲಿಯೇ ಕಾಳಗದ ಅರ್ಧ ತೀರ್ಮಾನವಾಗುತ್ತದೆ ಎಂಬುದನ್ನು ಕೃಷ್ಣ ಬಲ್ಲನು.

ಈ ಭಾಗವನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ದೂರದ ಇನ್ನೊಂದು ಕಣ ನೆನಪಾಗುತ್ತದೆ. ಅದು ಅಮೆರಿಕದ ಹೆವಿವೆಯ್ಟ್ ಮುಷ್ಟಿಯುದ್ಧದ ಕಣ. ಓಟದ ಪಂದ್ಯದಲ್ಲಿ ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಮುಂದೆ ಬಂದವನು ಗೆದ್ದನು. ಮುಷ್ಟಿಯುದ್ಧದ ರೀತಿಯೇ ಬೇರೆ. ಪಟ್ಟದಲ್ಲಿರುವವನನ್ನು ಕಣದಲ್ಲಿ ಸೋಲಿಸಿದವನಿಗೇ ಪಟ್ಟ. ಆದರೆ ಯಾರನ್ನು ಕಣಕ್ಕೆ ಬರಗೊಡಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತಿದ್ದವರು ಪಟ್ಟದವನು, ಅವನ ಮ್ಯಾನೇಜರ್ ಮತ್ತು ಪಂದ್ಯ ಏರ್ಪಡಿಸುವ ವ್ಯಾಪಾರಿ. ಕೋಟೆಯ ಒಳಗಿರುವವನ ಕೈಯಲ್ಲೇ ಬಾಗಿಲ ಕೀಲಿಕೈ!

ಈ ಕೀಲಿಕೈ ಬಹುಕಾಲ ಬಣ್ಣ ನೋಡಿ ತಿರುಗುತ್ತಿದ್ದಿತು. ೧೮೯೨ರಲ್ಲಿ ಜಾನ್ ಎಲ್. ಸಲಿವನ್ ಲೋಕಕ್ಕೆಲ್ಲ ಸವಾಲು ಹಾಕಿದಾಗ ಕರಿಯ ಮಲ್ಲರನ್ನು ಮಾತ್ರ ಅದರಿಂದ ಹೊರಗಿಟ್ಟನು. ಆ ಕಾಲದ ಮಹಾಮಲ್ಲರಲ್ಲೊಬ್ಬನಾದ ಪೀಟರ್ ಜಾಕ್ಸನ್ನನಿಗೆ ಪಟ್ಟಕ್ಕಾಗಿ ಹೋರಾಡುವ ಅವಕಾಶ ಕೊನೆಗೂ ದೊರೆಯಲಿಲ್ಲ. ನಮ್ಮ ಕರ್ಣನಿಗೆ ರಂಗದ ನಡುವೆ ನಿಲ್ಲಿಸಿ ಕುಲ ಕೇಳಿದರು. ಅಲ್ಲಿ ಕೇಳುವ ಶ್ರಮವೂ ಇರಲಿಲ್ಲ, ಮೈಬಣ್ಣವೇ ಉತ್ತರ ಹೇಳುತ್ತಿದ್ದಿತು. ಮೊದಲ ಬಾರಿಗೆ ಈ ಬಾಗಿಲನ್ನು ದಾಟಿದವನು ಜಾಕ್ ಜಾನ್ಸನ್. ಆಗಿನ ಚಾಂಪಿಯನ್ ಟಾಮಿ ಬರ್ನ್ಸ್ ೩೦,೦೦೦ ಡಾಲರಿಗೆ ಒಪ್ಪಿದ ಮೇಲೆ, ೧೯೦೮ರ ಡಿಸೆಂಬರ್ ೨೬ರಂದು ಸಿಡ್ನಿಯಲ್ಲಿ ಪಂದ್ಯ ನಡೆಯಿತು. ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರು ಅದನ್ನು ನಿಲ್ಲಿಸಿದರು, ಪಟ್ಟ ಜಾನ್ಸನ್ನನದಾಯಿತು.

ಆದರೆ ಒಳಗೆ ಬಂದವನು ತಾನೂ ಬಾಗಿಲು ಹಾಕಿಕೊಂಡನು ಎಂಬುದು ಈ ಕಥೆಯ ಕಹಿ ಭಾಗ. ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಸಮರ್ಥ ಕರಿಯ ಮಲ್ಲರಿಗೆ ಜಾನ್ಸನ್ ಪಟ್ಟದ ಪಂದ್ಯವನ್ನು ಕೊಡಲಿಲ್ಲ. ಬಿಳಿಯರ ಮೇಲೆ ಆಡಿದರೆ ಬರುವ ಹಣ ದೊಡ್ಡದಾಗಿತ್ತು. ೧೯೧೫ರ ಏಪ್ರಿಲ್ ೫ರಂದು ಹವಾನಾದಲ್ಲಿ ಜೆಸ್ ವಿಲರ್ಡ್ ಅವನನ್ನು ಕೆಡವಿದ ಮೇಲೆ ಬಾಗಿಲು ಮತ್ತೆ ಭದ್ರವಾಯಿತು. ಜಾಕ್ ಡೆಂಪ್ಸಿಯ ಕಾಲದಲ್ಲಿ ಹ್ಯಾರಿ ವಿಲ್ಸ್ ಎಂಬ ಕರಿಯ ಮಲ್ಲನು ವರ್ಷಗಟ್ಟಲೆ ಕಾದನು. ಮಾತುಕತೆಗಳಾದವು, ಪಂದ್ಯ ಮಾತ್ರ ಆಗಲಿಲ್ಲ. ಹೀಗೆ ೨೨ ವರ್ಷ ಕಳೆದವು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ೧೯೩೫ರಲ್ಲಿ ಚಾಂಪಿಯನ್ನನಾಗಿದ್ದವನು ಮ್ಯಾಕ್ಸ್ ಬೇರ್, ಗುದ್ದಿನಲ್ಲಿ ಭಯಂಕರ, ನಡೆಯಲ್ಲಿ ವಿನೋದಪ್ರಿಯ. ಅವನಿಗೆ ಎದುರಾಳಿಯಾಗಿ ದೊರೆತವನು ಜೇಮ್ಸ್ ಬ್ರಾಡಕ್. ಈತನು ಪದೇ ಪದೇ ಕೈ ಮುರಿದುಕೊಂಡು ಹಿಂದೆ ಬಿದ್ದವನು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು, ಅದೂ ಸಾಲದೆ ಸರಕಾರದ ಪರಿಹಾರದ ಹಣ ಪಡೆದು ಹೆಂಡತಿಮಕ್ಕಳನ್ನು ಸಾಕಿದವನು. ಕೈಗೆ ನಾಲ್ಕು ಕಾಸು ಬಂದೊಡನೆ ಆ ಹಣವನ್ನು ಹಿಂದಿರುಗಿಸಿದನೆಂಬುದು ಅವನ ಹಿರಿಮೆ. ಸುಲಭದ ತುತ್ತೆಂದು ಬಹುಮಂದಿ ಭಾವಿಸಿದ್ದ ಇವನು ಜೂನ್ ೧೩ರಂದು ಹದಿನೈದು ಸುತ್ತುಗಳ ಕೊನೆಗೆ ತೀರ್ಪಿನಿಂದ ಪಟ್ಟವನ್ನೇ ಕಸಿದುಕೊಂಡನು. ಸುಲಭದವನನ್ನು ಆರಿಸುವುದೂ ಸುಲಭವಲ್ಲ ಎಂಬ ಪಾಠ ಬೇರನಿಗೆ ದೊರೆಯಿತು.

ಈಗ ಆರಿಸುವ ಸರದಿ ಬ್ರಾಡಕ್ಕನದು. ನ್ಯಾಯವಾಗಿ ಮುಂದಿನ ಹಕ್ಕುದಾರನು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ಅದುವರೆಗೆ ಸೋಲನ್ನೇ ಕಾಣದಿದ್ದ ತರುಣ ಕರಿಯ ಮಲ್ಲ ಜೋ ಲೂಯಿಸನನ್ನು ಷ್ಮೆಲಿಂಗ್ ೧೯೩೬ರ ಜೂನ್ ೧೯ರಂದು ನ್ಯೂಯಾರ್ಕಿನಲ್ಲಿ ಹನ್ನೆರಡನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದ್ದನು. ಎಡಗೈಯಿಂದ ಗುದ್ದಿದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಾನೆ ಎಂಬುದನ್ನು ಅವನು ಮೊದಲೇ ಗುರುತಿಸಿ, ಅದೇ ಸಂದಿನಲ್ಲಿ ತನ್ನ ಬಲಗೈಯನ್ನು ನುಗ್ಗಿಸಿದನು. ಬ್ರಾಡಕ್ಕನೊಡನೆ ಅವನಿಗೆ ಕರಾರೂ ಆಯಿತು. ಬ್ರಾಡಕ್ಕನ ಕೈನೋವಿನಿಂದ ಮುಂದೆ ಹೋಗಿದ್ದ ಪಂದ್ಯವು ೧೯೩೭ರ ಜೂನ್ ೩ಕ್ಕೆ ಗೊತ್ತಾಯಿತು.

ಆದರೆ ಬ್ರಾಡಕ್ಕನ ಮ್ಯಾನೇಜರ್ ಜೋ ಗೂಲ್ಡ್ ಬೇರೆ ಲೆಕ್ಕ ಹಾಕುತ್ತಿದ್ದನು. ಹಿಟ್ಲರನ ಆಳ್ವಿಕೆಯಲ್ಲಿ ಯೆಹೂದ್ಯರು ಪಡುತ್ತಿದ್ದ ಪಾಡನ್ನು ಕಂಡು, ಜರ್ಮನನು ಆಡುವ ಪಂದ್ಯಕ್ಕೆ ಬಹಿಷ್ಕಾರ ಹಾಕುವುದಾಗಿ ಅಮೆರಿಕದ ನಾಜೀವಿರೋಧಿ ಸಂಘದವರು ಸಾರಿದ್ದರು. ಬಹಿಷ್ಕಾರವಾದರೆ ಹಣ ಹುಟ್ಟದು. ಪಟ್ಟವೇನಾದರೂ ಬರ್ಲಿನ್ನಿಗೆ ಹೋಯಿತೆಂದರೆ ಹಿಂದಿರುಗುವ ಭರವಸೆ ಯಾರಿಗಿತ್ತು? ಲೂಯಿಸನ ಪಂದ್ಯಗಳನ್ನು ಏರ್ಪಡಿಸುತ್ತಿದ್ದ ಮೈಕ್ ಜೇಕಬ್ಸ್ ಎಂಬವನು ಗೂಲ್ಡನಿಗೆ ಒಂದು ಆಮಿಷವನ್ನು ಮುಂದಿಟ್ಟನು. ಲೂಯಿಸನೊಡನೆ ಆಡಿ ಪಟ್ಟ ಹೋದರೆ, ಮುಂದಿನ ಹತ್ತು ವರ್ಷ ಹೆವಿವೆಯ್ಟ್ ಪಟ್ಟದ ಪಂದ್ಯಗಳಿಂದ ತನಗೆ ಬರುವ ಲಾಭದಲ್ಲಿ ನೂರಕ್ಕೆ ಹತ್ತು ಪಾಲು! ಸೋತರೂ ವರಮಾನ ನಿಲ್ಲದಂಥ ಕರಾರನ್ನು ಯಾವ ವ್ಯಾಪಾರಿ ತಾನೇ ಬಿಟ್ಟಾನು? ಹಿಂದಿನ ಕರಾರನ್ನು ಹಿಡಿದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನವರು ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ತಡೆಯಾಜ್ಞೆ ಸಿಗಲಿಲ್ಲ.

ಜೂನ್ ೩ರಂದು ನ್ಯೂಯಾರ್ಕಿನಲ್ಲಿ ನಡೆದದ್ದನ್ನು ಯಾವ ನಾಟಕಕಾರನೂ ಸುಲಭವಾಗಿ ಕಲ್ಪಿಸಲಾರನು. ಬ್ರಾಡಕ್ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಷ್ಮೆಲಿಂಗ್ ಆಯೋಗದವರ ಮುಂದೆ ಬಂದು ನಿಯಮದಂತೆ ತಕ್ಕಡಿಯ ಮೇಲೆ ನಿಂತನು. ತೂಕ ನೋಡಿದರು, ಬರೆದುಕೊಂಡರು. ಎದುರಾಳಿಯಿಲ್ಲದ ಪಂದ್ಯಕ್ಕೆ ಒಬ್ಬನೇ ತೂಗಿಸಿಕೊಂಡ ಆ ಮನುಷ್ಯನ ಚಿತ್ರ ನನ್ನ ಮನಸ್ಸಿನಿಂದ ಮಾಸುವುದಿಲ್ಲ. ನಾಜೀ ಸರಕಾರವು ಅವನನ್ನು ತನ್ನ ಮೆರವಣಿಗೆಯ ಗೊಂಬೆ ಮಾಡಿಕೊಂಡದ್ದು ನಿಜ. ಆದರೆ ಅವನು ಆ ಪಕ್ಷದ ಸದಸ್ಯನಾಗಿರಲಿಲ್ಲ. ಅವನ ಅಮೆರಿಕದ ಮ್ಯಾನೇಜರ್ ಜೋ ಜೇಕಬ್ಸ್ ಯೆಹೂದ್ಯನು. ೧೯೩೮ರ ನವೆಂಬರಿನಲ್ಲಿ ಯೆಹೂದ್ಯರ ಮನೆ ಮಂದಿರಗಳು ಉರಿಯುತ್ತಿದ್ದಾಗ ಇಬ್ಬರು ಯೆಹೂದಿ ಹುಡುಗರನ್ನು ಷ್ಮೆಲಿಂಗ್ ಬರ್ಲಿನ್ನಿನ ತನ್ನ ಹೋಟೆಲು ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದನು. ಇಂಥವನಿಗೆ ಅನ್ಯಾಯವಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ.

ಅದೇ ತಿಂಗಳು ೨೨ರಂದು ಷಿಕಾಗೋದ ಕೋಮಿಸ್ಕಿ ಪಾರ್ಕಿನಲ್ಲಿ ಬ್ರಾಡಕ್ ಲೂಯಿಸನ ಎದುರು ನಿಂತನು. ಮೊದಲ ಸುತ್ತಿನಲ್ಲೇ ಅವನನ್ನು ನೆಲಕ್ಕೆ ಬೀಳಿಸಿದನೂ ಹೌದು. ಆಮೇಲೆ ತರುಣನ ಗುದ್ದುಗಳಿಗೆ ಅವನ ಮುಖ ರಕ್ತಮಯವಾಯಿತು. ಎಂಟನೆಯ ಸುತ್ತಿನಲ್ಲಿ ಕೆಳಗೆ ಬಿದ್ದವನು ಏಳಲಿಲ್ಲ. ೨೨ ವರ್ಷಗಳ ಬಾಗಿಲು ಅಂದು ತೆರೆಯಿತು. ಅಮೆರಿಕದ ಊರೂರಿನ ಕರಿಯರ ಕೇರಿಗಳಲ್ಲಿ ಜನ ಬೀದಿಗೆ ಬಂದು ಕುಣಿದರು.

ಇಲ್ಲಿಯೇ ನನಗೆ ಧರ್ಮಸಂಕಟ. ಬಣ್ಣದ ಗೋಡೆಯನ್ನು ಕೆಡವಿದ್ದು ಒಳ್ಳೆಯದು. ಆದರೆ ಅದನ್ನು ಕೆಡವಿದ ಕೈ ಧರ್ಮದ ಕೈಯೆ? ಗೂಲ್ಡನ ಕಣ್ಣು ಇದ್ದದ್ದು ಹತ್ತು ಪಾಲಿನ ಮೇಲೆ. ಕೊಟ್ಟ ಮಾತು ಮುರಿಯಿತು, ಗೆದ್ದವನು ಹೊರಗುಳಿದನು, ಸೋತವನು ಒಳಬಂದನು. ಇತಿಹಾಸದಲ್ಲಿ ಒಳ್ಳೆಯದು ಎಷ್ಟೋ ವೇಳೆ ಇಂಥ ಹಿತ್ತಲ ಬಾಗಿಲಿನಿಂದಲೇ ಬಂದಿದೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ನನಗೆ ಆ ಸಮಾಧಾನ ಸಾಲದು. ದುರಾಸೆಗೆ ನಾವು ಕೃತಜ್ಞರಾಗಬೇಕಾಗಿಲ್ಲ. ಅದು ತೆರೆದ ಬಾಗಿಲಿನಿಂದ ಬಂದವನು ಏನು ಮಾಡಿದನೆಂಬುದನ್ನು ನೋಡಬೇಕು.

ಲೂಯಿಸ್ ಬಾಗಿಲು ಹಾಕಿಕೊಳ್ಳಲಿಲ್ಲ. ಷ್ಮೆಲಿಂಗನನ್ನು ಗೆಲ್ಲುವವರೆಗೆ ತನ್ನನ್ನು ಚಾಂಪಿಯನ್ನನೆಂದು ತಾನೇ ಎಣಿಸುವುದಿಲ್ಲ ಎಂದನು. ಅದುವರೆಗೆ ತನ್ನನ್ನು ಸೋಲಿಸಿದ್ದ ಒಬ್ಬನೇ ಒಬ್ಬನನ್ನು, ತನಗಾಗಿ ಅನ್ಯಾಯಕ್ಕೊಳಗಾದ ಅದೇ ಮನುಷ್ಯನನ್ನು, ಒಂದು ವರ್ಷದೊಳಗೆ ಎದುರಿಗೆ ಕರೆದನು. ೧೯೩೮ರ ಜೂನ್ ೨೨ರಂದು ಯಾಂಕೀ ಕ್ರೀಡಾಂಗಣದಲ್ಲಿ ಸುಮಾರು ೭೦,೦೦೦ ಜನ ಸೇರಿದರು. ಪಂದ್ಯವು ೨ ನಿಮಿಷ ೪ ಸೆಕೆಂಡಿನಲ್ಲಿ ಮುಗಿಯಿತು. ಅಷ್ಟು ಹೊತ್ತಿನಲ್ಲಿ ಲೂಯಿಸನ ಪಟ್ಟಕ್ಕಿದ್ದ ಕಲೆ ತೊಳೆದುಹೋಯಿತು.

ಮುಂದೆ ೧೯೪೯ರಲ್ಲಿ ನಿವೃತ್ತನಾಗುವವರೆಗೆ ಲೂಯಿಸ್ ೨೫ ಬಾರಿ ಪಟ್ಟವನ್ನು ಉಳಿಸಿಕೊಂಡನು. ನಡುವೆ ಕೆಲವು ಕಾಲ ತಿಂಗಳಿಗೊಬ್ಬನಂತೆ ದುರ್ಬಲರನ್ನು ಎದುರಿಸುತ್ತಾನೆಂದು ಪತ್ರಿಕೆಯವರು ಹಾಸ್ಯ ಮಾಡಿದ್ದೂ ಉಂಟು. ಆ ಸರಣಿಯ ಬೆನ್ನಿಗೇ, ೧೯೪೧ರ ಜೂನಿನಲ್ಲಿ ತನಗಿಂತ ತೂಕದಲ್ಲಿ ಬಹಳ ಕಡಿಮೆಯ ಬಿಲ್ಲಿ ಕಾನ್ ಎಂಬವನು ಹನ್ನೆರಡು ಸುತ್ತುಗಳವರೆಗೆ ಮುಂದಿದ್ದು, ಹದಿಮೂರನೆಯದರಲ್ಲಿ ಬಿದ್ದನು. ಹಗುರವಾದ ಎದುರಾಳಿಯೂ ಹಗುರವಲ್ಲ ಎಂಬ ಬೇರನ ಪಾಠ ಲೂಯಿಸನಿಗೂ ಸ್ವಲ್ಪದರಲ್ಲಿ ತಗಲುತ್ತಿದ್ದಿತು.

ಇಂದು ಜಾಗತಿಕ ಮುಷ್ಟಿಯುದ್ಧಕ್ಕೆ ಒಂದರ ಬದಲು ನಾಲ್ಕು ಪ್ರಮುಖ ಸಂಸ್ಥೆಗಳಿವೆ. ಪ್ರತಿಯೊಂದೂ ಮಲ್ಲರ ಶ್ರೇಣಿಪಟ್ಟಿ ಮಾಡುತ್ತದೆ. ಇಂಥವನನ್ನು ಎದುರಿಸಲೇಬೇಕು ಎಂದು ಕಡ್ಡಾಯದ ಸವಾಲುಗಾರನನ್ನು ಹೆಸರಿಸುತ್ತದೆ. ನಿಯಮ ಬೇಕು. ೧೯೩೭ರಲ್ಲೂ ಕರಾರಿತ್ತು, ಆಯೋಗವಿತ್ತು, ತಕ್ಕಡಿಯೂ ಇತ್ತು. ಅವುಗಳ ಮೇಲೆ ನಿಂತ ಒಬ್ಬ ಮನುಷ್ಯನ ಎದುರಿಗೆ ಯಾರೂ ಬರಲಿಲ್ಲ, ಅಷ್ಟೆ.

ಯೋಗ್ಯ ಎದುರಾಳಿ ಯಾರು ಎಂಬ ಪ್ರಶ್ನೆಗೆ ಲೂಯಿಸ್ ಕೊಟ್ಟ ಉತ್ತರವೇ ನನಗೆ ಸರಿಯೆನಿಸುತ್ತದೆ: ಯಾವನನ್ನು ಬಿಟ್ಟು ಗೆದ್ದ ಪಟ್ಟವು ಗೆದ್ದವನ ಮನಸ್ಸಿಗೇ ಒಪ್ಪುವುದಿಲ್ಲವೋ ಅವನು. ಯುದ್ಧ ಮುಗಿದು ಬಹುವರ್ಷಗಳಾದ ಮೇಲೆ ಆ ಇಬ್ಬರೂ ಮಿತ್ರರಾದರು. ೧೯೮೧ರಲ್ಲಿ ಲೂಯಿಸ್ ತೀರಿಕೊಂಡಾಗ ಅವನ ಅಂತ್ಯಕ್ರಿಯೆಯ ವೆಚ್ಚಕ್ಕೆ ಷ್ಮೆಲಿಂಗ್ ಹಣ ಕೊಟ್ಟು ನೆರವಾದನು. ೨೦೦೫ರಲ್ಲಿ, ತೊಂಬತ್ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಅವನೂ ಕಣ್ಣು ಮುಚ್ಚಿದನು.